ಆಫ್ರಿಕಾದಿಂದ ಬಾರದ ಶಬ್ದ

ಅರಬೈಲ್ ಘಟ್ಟದ ಮೇಲೆ ಮಂಜು ಇನ್ನೂ ಕರಗಿಲ್ಲ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಮುಂದೆ ಕೆಟ್ಟು ನಿಂತ ಲಾರಿಯೊಂದರ ಕ್ಯಾಬಿನ್ನಿನಲ್ಲಿ, ಗಾಜು ಏರಿಸಿ, ತಲೆ ತುಂಬ ಕಂಬಳಿ ಹೊದ್ದು, ಅದೇ ಅಂಗಡಿಯಲ್ಲಿ ಟೈರು ರಿಪೇರಿ ಮಾಡುವ ಸಂಜಯ ಸಿದ್ದಿ ಹಾಡುತ್ತಿದ್ದಾರೆ. ಘಟ್ಟ ಹತ್ತುವ ಲಾರಿಗಳ ಏದುಸಿರು ಮೊಬೈಲಿನ ರೆಕಾರ್ಡಿಂಗಿಗೆ ನುಗ್ಗದಿರಲಿ ಎಂದು ಈ ಕಂಬಳಿ. ಒಂದು ಸಾಲು ಹೇಳುತ್ತಾರೆ, ಕೇಳುತ್ತಾರೆ, ಅಳಿಸುತ್ತಾರೆ, ಮತ್ತೆ ಹೇಳುತ್ತಾರೆ. ಜಪಕ್ಕೆ ಕೂತವರಿಗೂ ಇಷ್ಟು ತಾಳ್ಮೆ ಇದ್ದೀತೆ ಅನ್ನಿಸುತ್ತದೆ.

ಯಾರೋ ಗಾಜು ಕುಟ್ಟುತ್ತಾರೆ. ಹಾವೇರಿ ಕಡೆಯ ಲಾರಿ ಚಾಲಕ. ಕಂಬಳಿಯೊಳಗಿಂದ ಹೊರಬಂದ ಗುಂಗುರು ಕೂದಲಿನ ಕಪ್ಪು ಮುಖ ಕಂಡು ಗಲಿಬಿಲಿಯಾಗಿ, ಹರಕು ಹಿಂದಿಯಲ್ಲಿ "ಪಂಕ್ಚರ್ ಹೈ ಕ್ಯಾ ಭಾಯ್?" ಅನ್ನುತ್ತಾನೆ.

"ಕನ್ನಡ್ದಲ್ಲೇ ಹೇಳಿ ಅಣ್ಣಾ. ಹಿಂದಿಲಿ ಹೇಳಿದ್ರೆ ಟೈರು ಬೇಗ ಬಿಚ್ಚಿಕೊಳ್ಳೂದಿಲ್ಲ."

"ಅಯ್ಯ, ಕನ್ನಡ ಮಾತಾಡ್ತೀರಲ್ರೀ! ಯಾವ ದೇಶದವ್ರು ನೀವು?"

"ಯಲ್ಲಾಪುರ ದೇಶ," ಎನ್ನುತ್ತಾ ಸಂಜಯ ಜಾಕ್ ಎಳೆದುಕೊಳ್ಳುತ್ತಾರೆ. ಚಾಲಕ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಸಂಜಯ ನಗುವುದಿಲ್ಲ.

ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿಗೆ ತುಂಬಿ ತಂದು ಮಾರಿದ ಜನ ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಮಕ್ಕಳ ಮಕ್ಕಳು ಸಿದ್ದಿಗಳು. ತಂದ ಭಾಷೆ ಹೋಯಿತು, ತಂದ ದೇವರ ಹೆಸರೂ ಮರೆತುಹೋಯಿತು. ಮೈಬಣ್ಣ, ಕೂದಲು ಮತ್ತು ಮಡಿಲಲ್ಲಿಟ್ಟು ಎರಡೂ ಕಡೆ ಬಡಿಯುವ ಡಮಾಮಿ ಎಂಬ ವಾದ್ಯ ಮಾತ್ರ ಉಳಿದವು. ಸಂಜಯರನ್ನು ಸಾಕಿದ ಅಜ್ಜಿ ಹೊನ್ನಿ ಈಗಲೂ ಡಮಾಮಿ ಬಡಿದರೆ ಕೇರಿಯ ಹೆಂಗಸರು ಕೈಕೆಲಸ ಬಿಟ್ಟು ಕುಣಿಯಲು ಬರುತ್ತಾರೆ. ಆ ಬಡಿತಕ್ಕೆ ತಮ್ಮ ಬಿರುಸಿನ ಮಾತು ಸೇರಿಸಿ ರ್‍ಯಾಪ್ ಮಾಡುವುದು ಸಂಜಯರ ಹುಚ್ಚು. ಕಲಿಸಿದವರಿಲ್ಲ. ಟೈರು ಬಿಚ್ಚುವ ಹೊತ್ತಿನಲ್ಲಿ ಚಾಲಕರ ಮೊಬೈಲುಗಳಿಂದ ಕಿವಿಗೆ ಬಿದ್ದದ್ದೇ ಪಾಠ.

ಕಾರ್ಯಕ್ರಮಗಳಿಗೆ ಕರೆಯುವವರು ಮೊದಲು ಕೇಳುವುದು ಹಾಡನ್ನಲ್ಲ. "ಸೊಪ್ಪು ಕಟ್ಕಂಡು ಬರ್ತೀರಾ, ಮುಖಕ್ಕೆ ಬಿಳಿ ಬಳ್ಕಂಡು ಬರ್ತೀರಾ ಕೇಳ್ತಾರೆ," ಎನ್ನುತ್ತಾರೆ ಸಂಜಯ. "ನಮ್ಮಜ್ಜಿ ಸೀರೆ ಉಟ್ಕಂಡೇ ಡಮಾಮಿ ಬಡ್ದದ್ದು. ಸೊಪ್ಪು ನಾವು ಕಟ್ಟಿದ್ದು ಗೊಬ್ಬರಕ್ಕೆ."

ಹೀಗಿರುವಾಗ ಅಜ್ಜಿಯ ಹಳೆಯ ಹಾಡೊಂದರ ಪಲ್ಲವಿ ಅವರ ಕೈ ಹಿಡಿಯಿತು. "ಉಂಬಲೇ ಲೇ, ಉಂಬಲೇ ಲೇ" ಎಂದು ಡಮಾಮಿಯ ಜೊತೆ ಏರಿ ಇಳಿಯುವ ಪಲ್ಲವಿ. ಅರ್ಥ ಗೊತ್ತಿಲ್ಲದ ಆ ಮಾತನ್ನು ನಡುವೆ ಇಟ್ಟು ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಕೇಳಿದವರೆಲ್ಲ ಇದು ಆಫ್ರಿಕಾದ ಮೂಲಭಾಷೆ ಎಂದರು. ಯಾರೋ 'ಮಳೆತಾಯಿ' ಎಂದು ಅರ್ಥವನ್ನೂ ಬರೆದರು. ಅದೇ ನಿಜವಾಯಿತು. ಕಳೆದುಹೋದ ಭಾಷೆಯ ಒಂದು ಚೂರು ಅಜ್ಜಿಯ ಬಾಯಲ್ಲಿ ಉಳಿದಿತ್ತಲ್ಲ ಎಂದು ಸಂಜಯ ಹಿರಿಯರ ಹೆಸರಿನಲ್ಲಿ ಮನೆಯಲ್ಲಿಟ್ಟ ತೆಂಗಿನಕಾಯಿಯ ಮುಂದೆ ಅಡ್ಡಬಿದ್ದರು. ಯಲ್ಲಾಪುರ ಪೇಟೆಗೆ ಹೋಗಿ ತೋಳಿನ ಮೇಲೆ ಆ ಶಬ್ದದ ಹಚ್ಚೆಯನ್ನೂ ಹಾಕಿಸಿಕೊಂಡರು. ಶಿರಸಿಯ ದೊಡ್ಡ ವೇದಿಕೆಯೊಂದರ ಸಂಚಾಲಕ ಕಮಲಾಕರ ಹೆಗಡೆ ತಾವಾಗಿ ಫೋನು ಮಾಡಿ, 'ಆಫ್ರಿಕಾದ ಕರೆ' ಎಂದು ಕಾರ್ಯಕ್ರಮದ ಹೆಸರಿಟ್ಟು ಆಮಂತ್ರಣ ಅಚ್ಚು ಹಾಕಿಸಿದರು. ಸಿದ್ದಾಪುರದವರೂ ಕರೆದರು. ಇನ್ನು ಟೈರು ಬಿಚ್ಚುವುದು ತಪ್ಪೀತು ಎಂದು ಮನಸ್ಸು ಆಸೆಪಟ್ಟಿತು.

ಆಗ ಒಂದು ಕಾರು ಪಂಕ್ಚರ್ ಆಗಿ ಅಂಗಡಿಯ ಮುಂದೆ ನಿಂತಿತು. ಹವ್ಯಕ ಬ್ರಾಹ್ಮಣರ ಕುಟುಂಬ. ಟೈರು ಆಗುವಷ್ಟರಲ್ಲಿ ಊಟ ಮುಗಿಸೋಣವೆಂದು ತಾಯಿ ಮರದ ಕೆಳಗೆ ಬುತ್ತಿ ಬಿಚ್ಚಿ, ದೂರದಲ್ಲಿ ಕಲ್ಲು ಹೆಕ್ಕುತ್ತಿದ್ದ ಮಗಳನ್ನು ರಾಗವೆಳೆದು ಕರೆದಳು: "ದೀಕ್ಷಿತಾ, ಉಂಬಲೇ... ಬಾರೇ, ಉಂಬಲೇ!"

ಟೈರು ಬಿಚ್ಚುವ ಲಿವರನ್ನು ಕೆಳಗಿಟ್ಟು ಸಂಜಯ ಕಿವಿಗೊಟ್ಟರು. ಅದೇ ಶಬ್ದ, ಅದೇ ಏರಿಳಿತ. ಹವ್ಯಕರ ಮಾತಿನಲ್ಲಿ 'ಉಂಬಲೆ' ಎಂದರೆ ಉಣ್ಣಲು.

"ಹುಟ್ಟಿದಾಗಿಂದ ಕೇಳಿದ ಮಾತು. ಹಾಡಿನಲ್ಲಿ ಮಾತ್ರ ಗುರ್ತು ಸಿಗ್ಲಿಲ್ಲ," ಎನ್ನುತ್ತಾರೆ. "ಎಲ್ರೂ ನನ್ನ ಮುಖ ನೋಡಿ ಹಾಡು ಕೇಳಿದ್ರು. ನಾನೂ ಕನ್ನಡಿ ನೋಡ್ಕಂಡೇ ಕೇಳಿದ್ದೆ ಕಾಣ್ತದೆ." ಅಂದು ಗ್ರೀಸು ಹತ್ತಿದ ಅಂಗೈಯಿಂದ ಹಚ್ಚೆ ಮುಚ್ಚಿಕೊಂಡೇ ಮನೆಗೆ ನಡೆದರಂತೆ.

ಹೊನ್ನಿ ಅಜ್ಜಿ ಮಾತ್ರ ಕೇಳಿ ಬೊಚ್ಚು ಬಾಯಿ ತುಂಬ ನಕ್ಕರು. "ಎಂತ ಆಫ್ರಿಕಾನೋ ನಿಂದು! ನಾ ಜೀತಕ್ಕಿದ್ದ ಮನೆ ಅಮ್ಮೋರು ಹಿತ್ಲ ಬಾಗ್ಲಲ್ಲಿ ನಿಂತು ಹಾಂಗೆ ಕರೀತಿದ್ರು. ಹೆಸ್ರು ಹಿಡಿದು ಕರೀತಿರ್ಲಿಲ್ಲ, ನಮ್ಗೆಲ್ಲ ಸೇರಿ ಒಂದೇ 'ಲೇ'. ಅವ್ರು ಉಂಡಾದ್ಮೇಲೆ, ನಾಯಿಗೆ ಹಾಕೂಕೆ ಮೊದ್ಲು. ಅಷ್ಟು ಮರ್ಯಾದಿ ಇತ್ತು ನಮ್ಗೆ."

"ಅದು ಹಾಡು ಹೆಂಗಾಯ್ತು ಅಜ್ಜಿ?"

"ನಿನ್ನಜ್ಜ ಗುಡಿಸ್ಲಿಗೆ ಬಂದವ ನನ್ನ ಸೀರೆ ಹೊದ್ಕಂಡು, ಸೊಂಟ ತಿರುಗ್ಸಿ ಅಮ್ಮೋರ ಹಾಂಗೇ ಕರ್ದು ತೋರಿಸ್ತಿದ್ದ. ನಾವು ಬಿದ್ದು ಬಿದ್ದು ನಗ್ತಿದ್ವಿ. ಡಮಾಮಿ ಬಡೀತಾ ಬಡೀತಾ ಹಾಡಾಯ್ತು."

"ಮತ್ತೆ ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ. ಕುಣೀತಿದ್ದೆ, ಕುಣೀಲಿ ಬಿಡು ಅಂತ್ಕಂಡೆ."

ಉಣ್ಣಲು ಬಾ ಎನ್ನುವುದಕ್ಕಿಂತ ದೊಡ್ಡ ಮಾತು ಲೋಕದಲ್ಲಿಲ್ಲ. ತಾಯಿ ಮಗುವಿಗೆ ಹೇಳುವುದು ಅದನ್ನೇ, ಕೈಮುಗಿದು ನೈವೇದ್ಯವಿಟ್ಟು ನಾವು ದೇವರಿಗೆ ಹೇಳುವುದೂ ಅದನ್ನೇ. ಅಂಥ ಮಾತಿಗೆ ಒಂದು 'ಲೇ' ಅಂಟಿಸಿ ಹಿತ್ತಲಿಗೆ ಎಸೆದವರು ಬಾಗಿಲ ಒಳಗಿದ್ದ ನಾವೇ. ಎಸೆದ ಮೇಲೆ ಅದು ನಮ್ಮದೆಂಬ ಗುರುತೂ ನಮಗೆ ಹತ್ತದೆ ಹೋಯಿತು.

ಸಂಜಯ ಕಮಲಾಕರ ಹೆಗಡೆಯವರಿಗೆ ಫೋನು ಮಾಡಿ ಎಲ್ಲ ಹೇಳಿದರು. ಹೆಗಡೆಯವರೂ ಹವ್ಯಕರು, ಒಳ್ಳೆಯವರೇ. "ಅರೆ, ನಮ್ಮನೆ ಶಬ್ದ ನಂಗೇ ಹೊಳೀಲಿಲ್ಲ ನೋಡು!" ಎಂದು ಬೆರಗಾದರು. ಆಮೇಲೆ ದನಿ ತಗ್ಗಿಸಿದರು. "ಆದ್ರೆ ಈಗ ಅದೆಲ್ಲ ಎಂತಕ್ಕೆ ಮಾರಾಯಾ? ಆಮಂತ್ರಣ ಹಂಚಾಗಿದೆ. ಸುಮ್ನೆ ಹಾಡಿ ಬಿಡು. ಹಳೇದು ಕೆದಕಿದ್ರೆ ಯಾರಿಗೆ ಸುಖ?"

"ನಿಮ್ಮನೆ ಶಬ್ದ ನನ್ನ ಬಾಯಲ್ಲಿ ಬಂದ್ರೆ ಆಫ್ರಿಕಾದ್ದು ಹೆಂಗಾಯ್ತು ಸರ್?"

ಹೆಗಡೆಯವರು ಕಾರ್ಯಕ್ರಮದ ಹೊತ್ತು ನೆನಪಿಸಿ ಫೋನು ಇಟ್ಟರು.

ಸುಮ್ಮನೆ ಹಾಡಿದ್ದರೆ ಇಂದು ಸಂಜಯರ ದಾರಿ ಬೇರೆ ಇರುತ್ತಿತ್ತು. ಶಿರಸಿಯ ವೇದಿಕೆಯಲ್ಲಿ ಅವರು ಪಲ್ಲವಿಯನ್ನು ಹಾಗೇ ಇಟ್ಟು ಹೊಸ ಸಾಲು ಹಾಡಿದರು:

ಉಂಬಲೇ ಲೇ, ಉಂಬಲೇ ಲೇ,
ಹಿತ್ಲ ಬಾಗ್ಲ ಕಲ್ಲ ಮೇಲೆ,
ಉಂಡು ಎದ್ದವರೆಲೆಯ ಮೇಲೆ
ಉಳಿದದ್ದಷ್ಟು ನಮಗೇ ಲೇ!

ಸಭೆಯ ಮುಂದಿನ ಸಾಲುಗಳಲ್ಲಿ ಕೂತು ತಾಳ ಹಾಕುತ್ತಿದ್ದವರ ಕೈಗಳು ಒಂದೊಂದಾಗಿ ಮಡಿಲಿಗೆ ಇಳಿದವು. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಹಾಡು ಮುಗಿದ ಮೇಲೆ ಹೆಗಡೆಯವರು ಶಾಲು ಹೊದಿಸಿದರು, ಮುಖ ನೋಡಲಿಲ್ಲ. ಸಿದ್ದಾಪುರದಿಂದ "ಈ ಸಲ ಬ್ಯಾಡ" ಎಂಬ ಸಂದೇಶ ಬಂತು. ಯೂಟ್ಯೂಬಿನಲ್ಲಿ ಹೊಸ ಹಾಡಿನ ಕೆಳಗೆ ಒಬ್ಬರು 'ಅಸಲಿ ಆಫ್ರಿಕಾದವನಲ್ಲ, ಮೋಸ' ಎಂದು ಬರೆದರೆ, ಇನ್ನೊಬ್ಬರು 'ಅನ್ನ ಹಾಕಿದವರನ್ನೇ ಹಂಗಿಸುತ್ತಾನೆ' ಎಂದು ಬರೆದಿದ್ದಾರೆ.

ಕಳೆದ ವಾರ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಸಂಜಯ ಅವರು ಜೀತಕ್ಕಿದ್ದ ಕಾನಸೂರಿನಾಚೆಯ ಆ ಮನೆಗೆ ಹೋಗಿಬಂದರು. ಅಮ್ಮೋರು ತೀರಿಕೊಂಡು ಬಹಳ ಕಾಲವಾಗಿದೆ. ಅಜ್ಜಿ ಕೂತು ಉಣ್ಣುತ್ತಿದ್ದ ಹಿತ್ತಲ ಕಲ್ಲು ಇದ್ದಲ್ಲೇ ಇದೆ. ಹೊರಬಂದ ಸೊಸೆ ಯಾರು, ಎಂತ ಬೇಕಿತ್ತು ಎಂದು ವಿಚಾರಿಸಿದರು. ಹಿಂದೆ ಇಲ್ಲಿ ಕೆಲಸಕ್ಕಿದ್ದವಳು ಎಂದೊಡನೆ ಅವರ ಮುಖ ಅರಳಿತು. "ಅಯ್ಯೋ, ಬಿಸಿಲಲ್ಲಿ ಬಂದೀರಿ. ಚಾ ಕುಡೀದೆ ಹೋಗೂಕಿಲ್ಲ. ಕೂರಿ, ಕೂರಿ, ಅಲ್ಲೇ ಕೂರಿ," ಎಂದು ಪ್ರೀತಿಯಿಂದಲೇ ಕಲ್ಲು ತೋರಿಸಿದರು. ಅಜ್ಜಿ ಅಭ್ಯಾಸದಂತೆ ಕೂತು ಚಹಾ ಕುಡಿದು, ಲೋಟ ತೊಳೆದು ಬೋರಲು ಹಾಕಿದರು. ಸಂಜಯ ನಿಂತೇ ಇದ್ದರು.

ಕಮಲಾಕರ ಹೆಗಡೆಯವರು ಮೊನ್ನೆ ಮತ್ತೆ ಫೋನು ಮಾಡಿದ್ದರಂತೆ. ಹಳೆಯ ಹಾಡನ್ನೇ ಹಾಡುವುದಾದರೆ ಹುಬ್ಬಳ್ಳಿಯ ವೇದಿಕೆ ಕೊಡಿಸುತ್ತೇನೆ, ಯೋಚನೆ ಮಾಡು ಎಂದರಂತೆ.

"ಯೋಚ್ನೆ ಮಾಡೂದೆಂತ," ಎನ್ನುತ್ತಾ ಸಂಜಯ ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ಎಲ್ಲೇಳುತ್ತದೆಂದು ನೋಡುತ್ತಾರೆ. "ಆಫ್ರಿಕಾ ನಾ ನೋಡಿದ್ದಿಲ್ಲ ಸರ್ ಅಂದೆ. ಆ ಕಲ್ಲು ನೋಡಿದೇನೆ. ನೋಡಿದ್ದನ್ನೇ ಹಾಡ್ತೇನೆ."