ಹಿಮಕುಸಿತಕ್ಕೆ ಸಿಕ್ಕ ಪಕ್ಕದ ಬೀದಿಯ ಅಂಕಲ್

ಲಿವೋನಿಯಾ ಎಂಬ ಊರಿನಲ್ಲಿ ಕೆಲಸ ಮಾಡುವ ನನ್ನ ಮಗಳು ನವೆಂಬರಿನಲ್ಲಿ ಗೆಳತಿಯರ ಜೊತೆ ಕೊಲರಾಡೋದ ಬೆಟ್ಟಗಳಿಗೆ ಸ್ಕೀ ಮಾಡಲು ಹೊರಟಿದ್ದಳು. ಅದೂ ರೆಸಾರ್ಟಿನಲ್ಲಲ್ಲ, ಜನರೇ ಇಲ್ಲದ ಕಾಡುಬೆಟ್ಟದಲ್ಲಿ. ನಾನು ಬೇಡ ಅಂದೆ. ಅವಳು ಹಿಮಕುಸಿತದಿಂದ ಪಾರಾಗುವ ಕೋರ್ಸನ್ನೇ ಮುಗಿಸಿ, ದೀಪಾವಳಿಗೆ ಶಾಮ್‌ಬರ್ಗ್‌ನ ನಮ್ಮ ಮನೆಗೆ ಎರಡು ಪುಟ್ಟ ಯಂತ್ರ ಹಿಡಿದುಕೊಂಡು ಬಂದಳು. ಹಿಮದಡಿ ಹೂತುಹೋದವರ ಯಂತ್ರ ಸಿಗ್ನಲ್ ಕಳಿಸುತ್ತದಂತೆ, ಹುಡುಕುವವರ ಯಂತ್ರ ಬಾಣದ ಗುರುತಿನಲ್ಲಿ ದಾರಿ ತೋರಿಸುತ್ತದಂತೆ. ಹದಿನೈದು ನಿಮಿಷದೊಳಗೆ ಹೊರತೆಗೆದರಷ್ಟೇ ಬದುಕುವ ಆಸೆಯಂತೆ. ನಮ್ಮಲ್ಲಿ ಇನ್ನೂ ಹಿಮ ಬಿದ್ದಿರಲಿಲ್ಲ. ಒಂದನ್ನು ಹಿತ್ತಲಿನ ಎಲೆರಾಶಿಯಲ್ಲಿ ಬಚ್ಚಿಡು, ಹುಡುಕಿ ಅಭ್ಯಾಸ ಮಾಡುತ್ತೇನೆ ಎಂದಳು.

ಊಟಕ್ಕೆ ಬಂದಿದ್ದ ಪಕ್ಕದ ಬೀದಿಯ ಅಂಕಲ್ ಅಷ್ಟರಲ್ಲಿ ವಾಕಿಂಗ್ ಹೊರಟಿದ್ದರು. ಮೈಸೂರಿನವರು, ಎಪ್ಪತ್ತು ದಾಟಿದೆ, ಕೀಟಲೆ ಅಂದರೆ ನನಗಿಂತ ಮುಂದು. ಯಂತ್ರವನ್ನು ಅವರ ಜಾಕೆಟ್ ಜೇಬಿಗೆ ಇಳಿಸಿ, ಮನೆ ಸುತ್ತಲೇ ಓಡಾಡಿ ಎಂದು ಪಿಸುಗುಟ್ಟಿದೆ.

ಮಗಳು ಎಲೆರಾಶಿಯನ್ನೆಲ್ಲ ಕೆದಕಿದಳು. ಬಾಣ ಗರಾಜಿನ ಕಡೆ ತಿರುಗಿತು, ಆಮೇಲೆ ಮುಂಬಾಗಿಲ ಕಡೆ. ಅವಳು ಹತ್ತಿರ ಬಂದಷ್ಟೂ ಅಂಕಲ್ ಹೆಜ್ಜೆ ಜೋರು ಮಾಡಿದರು. ನಾನು ಕಿಟಕಿಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ಕೊನೆಗೆ ಅಂಕಲ್ ಪಕ್ಕದ ಮನೆಯವರ ಬೇಲಿಯ ಹತ್ತಿರ ಸಿಕ್ಕಿಬಿದ್ದರು.

ಮಗಳು ನಗಲಿಲ್ಲ. ಹುಡುಕಲು ಹಿಡಿದ ಸಮಯವನ್ನು ಫೋನಿನಲ್ಲಿ ತೋರಿಸಿದಳು. "ಟ್ವೆಂಟಿ ಟೂ ಮಿನಿಟ್ಸ್, ಅಮ್ಮಾ. ಅಂಕಲ್ ಈಸ್ ಪ್ರಾಬಬ್ಲಿ ಡೆಡ್."

"ಕಾಫಿ ಕುಡಿದು ಸಾಯ್ತೀನಮ್ಮ," ಎಂದರು ಅಂಕಲ್.

ಕಾಫಿ ಹೊತ್ತಿಗೆ ಅವಳು ತಟ್ಟೆಯಲ್ಲಿ ಸಕ್ಕರೆ ಹರಡಿ, ಮೇಲೊಂದು ದೊಡ್ಡ ಕೊಬ್ಬರಿ ಮಿಠಾಯಿ ಇಟ್ಟಳು. ಅಕ್ಟೋಬರಿನಲ್ಲಿ ಬಿದ್ದ ತೆಳು ಹಿಮ ಚಳಿಗೆ ಹೀಗೆ ಕಾಳುಕಾಳಾಗುತ್ತದೆ, ಹೊಸ ಹಿಮ ಅದರ ಮೇಲೆ ಹಲಗೆಯಂತೆ ಕೂರುತ್ತದೆ ಎನ್ನುತ್ತ ತಟ್ಟೆ ಓರೆ ಮಾಡಿದಳು. ಮಿಠಾಯಿ ಸರ್ರನೆ ಜಾರಿತು. ಅಂಕಲ್ ಅದನ್ನು ತಿಂದರು. ನಾನು ನನ್ನ ಪಾಲಿನದನ್ನೂ ಅವರ ತಟ್ಟೆಗೇ ಹಾಕಿದೆ.

ಅವರೆಲ್ಲ ಬೆಟ್ಟ ಹತ್ತಲು ಹೊರಟ ದಿನ ಮಧ್ಯಾಹ್ನವೇ ಅವಳ ಫೋನ್ ಬಂತು. ಬೆಟ್ಟದ ಬುಡದಲ್ಲಿ ಹಿಮ ಅಗೆದು ನೋಡಿದರಂತೆ, ಅಡಿಯಲ್ಲಿ ಅದೇ ಸಕ್ಕರೆ. ನಾಲ್ಕು ಹೆಜ್ಜೆ ಇಡುವುದರಲ್ಲಿ ಕಾಲಡಿ ಧಪ್ ಎಂದು ಕುಸಿದ ಸದ್ದು. ಎಲ್ಲರೂ ವಾಪಸ್ಸು.

"ಅಷ್ಟು ದೂರ ಹೋಗಿ ಬರೀ ಗುಂಡಿ ತೋಡಿ ಬಂದ್ಯಾ? ಛೇ, ನಂಗೆ ಬೇಜಾರಾಯ್ತು ಕಣೆ," ಎಂದೆ.

"ಸಾರಿ, ಅಮ್ಮಾ," ಎಂದಳು ಪಾಪ, ನಿಜವೆಂದೇ ನಂಬಿ. ನಾನು ಮೆಟ್ಟಿಲ ಮೇಲೆ ಕೂತು, ಫೋನ್ ಹಿಡಿದ ಕೈಯಲ್ಲೇ ದೇವರಿಗೆ ಮುಗಿದದ್ದು ಅವಳಿಗೆ ಕಾಣುವಂತಿರಲಿಲ್ಲ.