ಅಬ್ಬಾಸನ ಒಂದು ಗುಂಡು, ಇಲ್ಯಾಸನ ಇಪ್ಪತ್ತು ಟಿಕ್

ಅರ್ಬಾಬರ ಮಜ್ಲಿಸಿನಲ್ಲಿ, ಅಂದರೆ ಧಣಿಗಳು ನೆಂಟರಿಷ್ಟರನ್ನು ಕೂರಿಸುವ ದೊಡ್ಡ ಕೋಣೆಯಲ್ಲಿ, ಗೋಡೆಯ ಮೇಲೆ ಸುರುಳಿ ಸುರುಳಿಯಾದ ಎರಡು ಕೊಂಬುಗಳಿವೆ. ಬಂದವರು ಖಾವಾ ಎಂಬ ಅರಬ್ಬಿ ಕಾಫಿಯ ಲೋಟ ಕೈಗೆ ಬರುವ ಮೊದಲೇ ಅವನ್ನು ನೋಡಿ "ಯಾರು ಹೊಡೆದದ್ದು?" ಎಂದು ಕೇಳುತ್ತಾರೆ. ಹಾಗೆ ಕೇಳಿದಾಗಲೆಲ್ಲ ಬಾಗಿಲ ಬಳಿಯ ಇಲ್ಯಾಸ್ ಕೊಂಬುಗಳಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಹೊಡೆದದ್ದು ಅಡುಗೆಯ ಅಬ್ಬಾಸ್.

ಇಲ್ಯಾಸ್ ಉಪ್ಪಿನಂಗಡಿಯವನು. ಬಸ್‌ಸ್ಟ್ಯಾಂಡಿನ ಎದುರು ಮಾವನ ವಾಚ್ ರಿಪೇರಿ ಅಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳೆದ ಹುಡುಗ. ದುಬೈಗೆ ಬಂದ ಮೇಲೂ ದೇರಾದಲ್ಲಿ ಅದೇ ಕೆಲಸ ಮಾಡಿದ. ಒಂದು ದಿನ ಅರ್ಬಾಬ್ ವಾಚಿಗೆ ಸೆಲ್ ಹಾಕಿಸಲು ಬಂದವರು ಇವನ ಬೆರಳಿನ ನಯವನ್ನು ತುಂಬ ಹೊತ್ತು ನೋಡಿದರು. ಮರುದಿನ ತಮ್ಮ ಬೇಟೆಯ ಕೋವಿಯ ಮೇಲಿನ ದುರ್ಬೀನನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟರು. ಅದರ ಒಂದು ಸಣ್ಣ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಲ್ಯಾಸ್ ಅರ್ಧ ಗಂಟೆಯಲ್ಲಿ ಬಿಡಿಸಿ ಕೊಟ್ಟ. ಆ ತಿಂಗಳೇ ಅವನ ವೀಸಾ ಅರ್ಬಾಬರ ಮನೆಗೆ ಬದಲಾಯಿತು.

ಅಂದಿನಿಂದ ಹತ್ತೊಂಬತ್ತು ವರ್ಷ ಆ ಮನೆಯ ಕೋವಿಗಳಿಗೆ ಎಣ್ಣೆ ಹಾಕಿದವನು, ಒರೆಸಿದವನು, ಅಬುಧಾಬಿಯ ಮರಳಿನ ಮಧ್ಯೆ ಇರುವ ಶೂಟಿಂಗ್ ಮೈದಾನಕ್ಕೆ ಒಯ್ದು ಕಾಗದದ ಗುರಿಗೆ ಹೊಡೆದು ಹದ ಮಾಡಿದವನು ಇಲ್ಯಾಸ್. ಇಲ್ಲಿ ಬೇಟೆಗೆ ಅನುಮತಿಯಿಲ್ಲ. ಹಾಗಾಗಿ ಪ್ರತಿ ವರ್ಷ ಅರ್ಬಾಬ್ ಆಫ್ರಿಕಾದ ನಮೀಬಿಯಾಕ್ಕೆ ಹೋಗುತ್ತಾರೆ. ಜೊತೆಗೆ ಇಲ್ಯಾಸ್, ಅನ್ನ ಬೇಯಿಸಲು ಅಬ್ಬಾಸ್. ನೂರು ಮೀಟರ್ ದೂರದಲ್ಲಿ ಒಂದು ದಿರ್ಹಮ್ ನಾಣ್ಯವನ್ನು ಇಲ್ಯಾಸ್ ಮೂರಕ್ಕೆ ಮೂರು ಸಲ ಹಾರಿಸಬಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಯಾರೂ ಅವನಿಗೆ "ಈ ಪ್ರಾಣಿಗೆ ನೀನು ಹೊಡೆ" ಎಂದು ಹೇಳಿದ್ದಿಲ್ಲ. ಅವನೂ ಕೇಳಿದವನಲ್ಲ. ಕೇಳುವ ಜಾತಿಯ ಮನುಷ್ಯ ಅಲ್ಲ ಅವನು. ಕಾಯುವ ಜಾತಿ.

ಕಳೆದ ವರ್ಷ ಆದದ್ದು ಹೀಗೆ. ಬೆಳಗಿನಿಂದ ಅರ್ಬಾಬ್ ಎರಡು ಪ್ರಾಣಿಗಳಿಗೆ ಗುರಿಯಿಟ್ಟರು. ಎರಡೂ ತಪ್ಪಿದವು. ಎಪ್ಪತ್ತು ದಾಟಿದ ಮನುಷ್ಯ, ಮುಖ ಸಣ್ಣದಾಯಿತು. ಬಿಸಿಲೇರುವಾಗ, ಅವೆರಡರ ಹಾಗೆಯೇ ಇನ್ನೂರೈವತ್ತು ಮೀಟರ್ ದೂರದಲ್ಲಿ, ಕುಡು ಎಂಬ ಸುರುಳಿ ಕೊಂಬಿನ ದೊಡ್ಡ ಹುಲ್ಲೆಯೊಂದು ಬಲಕ್ಕೆ ಮುಖ ಮಾಡಿ ನಿಂತಿತು. ಅರ್ಬಾಬ್ ದುರ್ಬೀನಿನಲ್ಲಿ ನೋಡಿದರು, ಕಣ್ಣುಜ್ಜಿಕೊಂಡರು, ಕೋವಿ ಕೆಳಗಿಳಿಸಿದರು.

"ಖಲಾಸ್. ನನ್ನ ಕಣ್ಣು ಹೋಯ್ತು."

ಇಲ್ಯಾಸ್ ಕೋವಿ ತೆಗೆದುಕೊಳ್ಳಲು ಕೈ ಚಾಚಿದ. ಚಾಚಿದ ಕೈಯ ಮೇಲಿಂದಲೇ ಕೋವಿ ದಾಟಿ ಹೋಯಿತು. ಹಿಂದೆ ಖಾವಾದ ಫ್ಲಾಸ್ಕ್ ಹಿಡಿದು ನಿಂತ ಅಬ್ಬಾಸನ ಕಡೆಗೆ ಅದನ್ನು ನೂಕಿ, ಅರ್ಬಾಬ್ ತಮ್ಮ ಬೇಸರವನ್ನೆಲ್ಲ ತಮಾಷೆ ಮಾಡುತ್ತ ಅಂದರು: "ಯಲ್ಲಾ ಅಬ್ಬಾಸ್, ನೀನು ಹೊಡೆ. ನೀನೂ ತಪ್ಪಿಸು, ನನಗೆ ಸಮಾಧಾನ ಆಗಲಿ."

ಅಬ್ಬಾಸ್ ಫ್ಲಾಸ್ಕ್ ಕೆಳಗಿಟ್ಟ, ಬಿಸ್ಮಿಲ್ಲಾ ಅಂದ, ಢಂ ಅನಿಸಿದ. ಕುಡು ಇದ್ದಲ್ಲೇ ಮಂಡಿಯೂರಿ ಉರುಳಿತು. ಗುಂಡು ಮುಂಗಾಲಿನ ಹಿಂದೆ, ಸರಿಯಾಗಿ ಹೃದಯಕ್ಕೆ ಹೊಕ್ಕಿತ್ತು. ಅರ್ಬಾಬ್ ಅವನ ಹಣೆಗೆ ಮುತ್ತಿಟ್ಟರು. ಇಲ್ಯಾಸನ ಕೈ ಇನ್ನೂ ಚಾಚಿಕೊಂಡೇ ಇತ್ತು.

ಆ ಸಂಜೆ ಬಿಡಾರದಲ್ಲಿ ಅಬ್ಬಾಸ್ ಈರುಳ್ಳಿ ಕೊಚ್ಚುತ್ತ ಗುಟ್ಟಾಗಿ ಹೇಳಿದ: "ಇಲ್ಯಾಸಾಕ, ಯಾರಿಗೂ ಹೇಳ್ಬೇಡಿ. ನಾನು ಇಟ್ಟದ್ದು ನಡು ಹೊಟ್ಟೆಗೆ. ಅಗಲ ಜಾಗ ಅದೇ ಅಲ್ವಾ? ಗುಂಡು ಅಲ್ಲಿಗೆ ಹೇಗೆ ಹೋಯ್ತೋ ಅಲ್ಲಾಹನಿಗೇ ಗೊತ್ತು."

ಇಲ್ಯಾಸನಿಗೂ ಗೊತ್ತಾಯಿತು. ಕೋವಿ ಒರೆಸಲು ತೆಗೆದಾಗ ದುರ್ಬೀನಿನ ಪಕ್ಕದ ತಿರುಪು ಸೊನ್ನೆಯಲ್ಲಿರಲಿಲ್ಲ. ಹೊರಡುವ ಮುಂಚಿನ ದಿನ ಅಬುಧಾಬಿಯ ಮೈದಾನದಲ್ಲಿ ಶಮಾಲ್ ಗಾಳಿ ಬಲಗಡೆಯಿಂದ ಬೀಸಿ ಗುಂಡನ್ನು ಎಡಕ್ಕೆ ತಳ್ಳುತ್ತಿತ್ತು. ಅದಕ್ಕೆ ಸರಿದೂಗಲೆಂದು ಅವನೇ ತಿರುಪನ್ನು ಬಲಕ್ಕೆ ಇಪ್ಪತ್ತು ಟಿಕ್ ತಿರುಗಿಸಿದ್ದ. ವಾಪಸ್ ತರಲು ಮರೆತಿದ್ದ. ನಮೀಬಿಯಾದಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಗಾಳಿಯಿಲ್ಲದ ಊರಿಗೆ ಗಾಳಿಯ ಲೆಕ್ಕ ಹೊತ್ತು ತಂದಿದ್ದ. ಅಷ್ಟು ದೂರಕ್ಕೆ ಎರಡು ಗೇಣು ಬಲಕ್ಕೆ ತಪ್ಪುತ್ತದೆ. ಹೃದಯಕ್ಕಿಟ್ಟ ಅರ್ಬಾಬರ ಗುಂಡುಗಳು ಪ್ರಾಣಿಯ ಎದೆಯ ಮುಂದಿನಿಂದ ಹಾರಿ ಹೋದವು, ಹೊಟ್ಟೆಗಿಟ್ಟ ಅಬ್ಬಾಸನ ಗುಂಡು ಹೃದಯಕ್ಕೆ ಹೋಯಿತು. ಹೊಸ ಊರಿಗೆ ಹೋದೊಡನೆ ಕಾಗದಕ್ಕೆ ಮೂರು ಗುಂಡು ಹೊಡೆದು ನೋಡುವುದು ಕ್ರಮ. ಅಲ್ಲಿನ ದಾರಿ ತೋರಿಸುವವನು ಕೇಳಿಯೂ ಇದ್ದ. "ಇಲ್ಯಾಸ್ ಹದ ಮಾಡಿದ ಮೇಲೆ ನೋಡುವುದೇನು?" ಎಂದು ಅರ್ಬಾಬರೇ ಬೇಡ ಅಂದಿದ್ದರು.

ಇಲ್ಯಾಸ್ ಆಚೀಚೆ ನೋಡಿ, ಟಿಕ್ ಟಿಕ್ ಎಂದು ಇಪ್ಪತ್ತು ಎಣಿಸಿ ತಿರುಪನ್ನು ಸೊನ್ನೆಗೆ ತಂದ. ಬಾಯಿ ಮುಚ್ಚಿಕೊಂಡ.

ಬಾಯಿ ಮುಚ್ಚಿದವನಿಗೆ ಕಿವಿ ಮುಚ್ಚಲಾಗಲಿಲ್ಲ. ಮಜ್ಲಿಸಿನಲ್ಲಿ ಅಬ್ಬಾಸನ ಗುಂಡಿನ ಕಥೆ ದಿನ ಹೋದಂತೆ ಕೊಬ್ಬಿತು. ಇನ್ನೂರೈವತ್ತು ಮೀಟರ್ ಮುನ್ನೂರಾಯಿತು, ಆಮೇಲೆ ನಾನೂರು. ನಿಂತಿದ್ದ ಕುಡು ಓಡತೊಡಗಿತು. ಅಲ್ ನಹ್ದಾದಲ್ಲಿ ಇಬ್ಬರ ಸಂಸಾರವೂ ಇದ್ದ ಕಟ್ಟಡದಲ್ಲೂ ಅದೇ ಸುದ್ದಿ.

"ಹಫೀಝಾ ಲಿಫ್ಟಲ್ಲಿ ಸಿಕ್ಕಿದ್ಲು," ಎಂದಳು ಹೆಂಡತಿ ಹಲೀಮ ಒಂದು ದಿನ. ಹಫೀಝಾ ಅಬ್ಬಾಸನ ಮನೆಯವಳು. "ಈ ಸರ್ತಿ ಅರ್ಬಾಬ್ ಅಬ್ಬಾಸಾಕನ ಕೈಯಲ್ಲೇ ಹೊಡೆಸುದಂತೆ ಅಂದ್ಲು. ಅರ್ಬಾಬ್ ಇನ್ನು ಕೋವಿ ಮುಟ್ಟುದಿಲ್ವಂತೆ. ಮತ್ತೆ... ಕೊಂಡೋಗುದು ಒಂದೇ ಕೋವಿ ಅಲ್ವಾ, ಇಲ್ಯಾಸಾಕನಿಗೆ ಎಂತ ಕೆಲಸ, ಅವರು ಬರುದು ಬೇಡ ಅಂತ ಆಗಿದೆಯಂತೆ. ಹೌದಾ?"

ಹೌದಾಗಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವನ ಹೆಸರು ಟಿಕೆಟ್ಟಿನ ಪಟ್ಟಿಯಲ್ಲಿರಲಿಲ್ಲ. ಇಲ್ಯಾಸನಿಗೆ ತಡೆಯಲಾಗಲಿಲ್ಲ. ತಿರುಪಿನ ವಿಷಯ ಪೂರ್ತಿ ಹೆಂಡತಿಗೆ ಹೇಳಿಬಿಟ್ಟ. "ನಾಳೆ ಎಲ್ಲರ ಎದುರು ಹೇಳ್ತೇನೆ. ಅವನ ಬಣ್ಣ ಬಯಲಾಗ್ಲಿ."

ಹಲೀಮ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಅವನ ಬಣ್ಣ ಎಂತದು? ಅವನು ಎಂತ ಮಾಡಿದ್ದಾನೆ? ಬಯಲಾಗುದು ನಿಮ್ಮದು. ಆ ಅಜ್ಜ ಒಂದು ವರ್ಷದಿಂದ ಕಣ್ಣು ಹೋಯ್ತು ಅಂತ ಡಾಕ್ಟ್ರ ಹತ್ರ ಅಲೆದದ್ದು ನಿಮ್ಮಿಂದ. ಹೇಳುದಾದ್ರೆ ಅದಕ್ಕೆ ಹೇಳಿ. ಅಬ್ಬಾಸಾಕನ ಮೇಲಿನ ಹೊಟ್ಟೆಕಿಚ್ಚಿಗೆ ಹೇಳ್ಬೇಡಿ."

ಇಲ್ಯಾಸ್ ಹೇಳಿದ್ದು ಹೊಟ್ಟೆಕಿಚ್ಚಿಗೇ. ಮರುದಿನ ಶಾರ್ಜಾದ ನೆಂಟರು ಬಂದಿದ್ದರು. ಅಬ್ಬಾಸ್ ಅರ್ಬಾಬರ ಅಪ್ಪಣೆಯಂತೆ ಸೌಟನ್ನೇ ಕೋವಿಯ ಹಾಗೆ ಹಿಡಿದು ಕಥೆ ಹೇಳುತ್ತಿದ್ದ. ಕುಡು ನಾನೂರು ಮೀಟರಿನಲ್ಲಿ ಓಡುತ್ತಿತ್ತು. ಬಾಗಿಲ ಬಳಿಯಿಂದ ಇಲ್ಯಾಸ್ ಕೂಗಿದ: "ನಿಂತಿತ್ತು! ಇನ್ನೂರೈವತ್ತು! ಇವನು ಇಟ್ಟದ್ದು ಹೊಟ್ಟೆಗೆ!"

ಆಮೇಲೆ ನಿಲ್ಲಿಸಲಾಗಲಿಲ್ಲ. ಗಾಳಿ, ತಿರುಪು, ಇಪ್ಪತ್ತು ಟಿಕ್, ಎಲ್ಲವೂ ಹೊರಬಿತ್ತು. ಖಾವಾ ಸುರಿಯುವವನ ಕೈ ನಿಂತಿತು.

ಅರ್ಬಾಬ್ ಅಬ್ಬಾಸನ ಕಡೆ ನೋಡಲೇ ಇಲ್ಲ. ಮೆಲ್ಲಗೆ ಕೇಳಿದರು: "ಹಾಗಾದರೆ ನನ್ನ ಎರಡು ಗುಂಡು?"

"ನೀವು ಇಟ್ಟದ್ದು ಸರಿ ಇತ್ತು ಅರ್ಬಾಬ್. ನಿಮ್ಮ ಕಣ್ಣಿನದ್ದು ಮಾಫಿ ಪ್ರಾಬ್ಲಂ, ಏನೂ ತೊಂದರೆ ಇಲ್ಲ. ತಪ್ಪಿದ್ದು ನಾನು."

ಮುದುಕರು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಕೈ ತೆಗೆದಾಗ ಎರಡೂ ಇತ್ತು. "ಒಂದು ವರ್ಷ ನನ್ನನ್ನು ಮುದುಕನನ್ನಾಗಿ ಕೂರಿಸಿದೆಯಲ್ಲ ಇಲ್ಯಾಸ್. ಕೆಲಸದಿಂದ ತೆಗೆಯುವುದಿಲ್ಲ. ಆದರೆ ಈ ಸಲ ನೀನು ಬರುವುದು ಬೇಡ. ಹೊಡೆಯುವುದು ನಾನೇ. ಕೋವಿ ನೋಡಿಕೊಳ್ಳುವುದು ಅಬ್ಬಾಸ್. ನಿನ್ನ ಕೆಲಸ ಅವನಿಗೆ ಕಲಿಸು."

ಅಬ್ಬಾಸನಾದರೂ ಕೋಪ ಮಾಡಿಕೊಳ್ಳಬಾರದಿತ್ತೇ? ಮಾಡಿಕೊಳ್ಳಲಿಲ್ಲ. ಮೈದಾನಕ್ಕೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ಹಾಡು ಗುನುಗಿದ. "ಒಳ್ಳೇದಾಯ್ತು ಇಲ್ಯಾಸಾಕ. ಅದೇ ಕಥೆ ಹೇಳಿ ಹೇಳಿ ನಂಗೆ ಸಾಕಾಗಿತ್ತು. ಈ ಸರ್ತಿ ತಪ್ಪಿದ್ರೆ ಎಂತ ಮಾಡುದು ಅಂತ ನಿದ್ದೆ ಸಹ ಬರ್ತಿರ್ಲಿಲ್ಲ."

ಹೊಟ್ಟೆಕಿಚ್ಚು ಪಡಲಿಕ್ಕೂ ಒಂದು ಆಸರೆ ಬೇಕು. ಅದನ್ನೂ ಕಿತ್ತುಕೊಂಡನಲ್ಲ ಎಂದು ಇಲ್ಯಾಸನಿಗೆ ಅನಿಸಿತು. ಆದರೂ ಕಲಿಸುವಾಗ ಒಂದನ್ನೂ ಬಚ್ಚಿಡಲಿಲ್ಲ. ಬಚ್ಚಿಡಲು ಅವನ ಬೆರಳುಗಳು ಒಪ್ಪಲಿಲ್ಲ. ಉಸಿರು ಹೇಗೆ ಬಿಡುವುದು, ತಿರುಪು ಎಲ್ಲಿ ನಿಲ್ಲಬೇಕು, ಇಳಿದ ಊರಿನಲ್ಲಿ ಯಾರು ಬೇಡ ಅಂದರೂ ಮೂರು ಗುಂಡು ಹೊಡೆದೇ ನೋಡಬೇಕು, ಎಲ್ಲ ಹೇಳಿಕೊಟ್ಟ.

ಅಬ್ಬಾಸ್ ಮಲಗಿ, ನಿಧಾನವಾಗಿ ಮೂರು ಹೊಡೆದ.

ಇಲ್ಯಾಸ್ ಮರಳಿನಲ್ಲಿ ನೂರು ಮೀಟರ್ ನಡೆದು ಹೋಗಿ ಕಾಗದ ನೋಡಿದ. ಕಪ್ಪು ವೃತ್ತದ ನಡುವೆ ಮೂರು ತೂತುಗಳು, ಒಂದಕ್ಕೊಂದು ಅಂಟಿಕೊಂಡು. ಮೊದಲ ದಿನ ಇಲ್ಯಾಸನಿಗೂ ಹೀಗೆ ಬಿದ್ದಿರಲಿಲ್ಲ.

"ಹೇಗುಂಟು ಇಲ್ಯಾಸಾಕ?" ಎಂದು ಅಬ್ಬಾಸ್ ಅಲ್ಲಿಂದ ಕೂಗಿದ. "ಫೋಟೋ ತೆಗೀರಿ, ಹಫೀಝಾಳಿಗೆ ಕಳಿಸ್ಲಿಕ್ಕುಂಟು!"

ಇಲ್ಯಾಸ್ ಕಾಗದವನ್ನು ಬಿಡಿಸಿಕೊಂಡು ನಾಲ್ಕಾಗಿ ಮಡಚಿ ಪ್ಯಾಂಟಿನ ಜೇಬಿಗೆ ತುರುಕಿದ.

"ಪರವಾಗಿಲ್ಲ," ಎಂದು ಕೂಗಿ ಹೇಳಿ, ಹೊಸ ಕಾಗದ ಅಂಟಿಸಿದ. "ಇನ್ನೊಮ್ಮೆ ಹೊಡಿ."