ಹುಚ್ಚಮ್ಮನ ಎರಡು ಕುಳ್ಳ ಹ್ಯಾಟೆಗಳು

ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ತೂಗುವ ಕೆಲಸ ಸಿಕ್ಕಿ ಎರಡು ವರ್ಷ ತುಂಬುವಷ್ಟರಲ್ಲಿ ಕರಿಯಣ್ಣನಿಗೆ ತಾನು ಬುದ್ಧಿವಂತ ಅನ್ನುವ ಗುಮಾನಿ ಬಂದಿತ್ತು. ಇಪ್ಪತ್ತೆರಡು ವಯಸ್ಸು, ಭದ್ರಾವತಿಯ ಸಾಲುಮನೆಗಳಲ್ಲಿ ಒಂದು ಮನೆ, ಮನೆಗೊಬ್ಬ ಹೆಂಡತಿ, ಹಿತ್ತಲಿಗೆ ಐದು ಕೋಳಿ. ಇಷ್ಟರಲ್ಲಿ ಅವನ ಮಾತು ಕೇಳುತ್ತಿದ್ದದ್ದು ಒಂದೂ ಇರಲಿಲ್ಲ ಅನ್ನುವುದು ಬೇರೆ ವಿಷಯ. ಆ ಬುದ್ಧಿಯ ಧೈರ್ಯದ ಮೇಲೆಯೇ ಅವನು ಆಲ್ಕೊಳಕ್ಕೆ ಹೋಗಿ ಚಿಕ್ಕಮ್ಮ ಹುಚ್ಚಮ್ಮನನ್ನು ತನ್ನ ಮನೆಗೆ ಕರೆದದ್ದು.

ಹುಚ್ಚಮ್ಮ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ಅಲ್ಲಿಂದಾಚೆ ಆಲ್ಕೊಳದಲ್ಲಿ ಗಂಡನ ಅಣ್ಣ ಭೈರಪ್ಪನ ಮನೆಯಲ್ಲಿ ಸಗಣಿ ಬಾಚಿ, ನೀರು ಹೊತ್ತು, ಎಲ್ಲರದೂ ಆದ ಮೇಲೆ ಉಳಿದಿದ್ದರೆ ಉಂಡವಳು. ಜ್ವರದ ವರ್ಷ ತನ್ನ ಅಕ್ಕ, ಅವಳ ಗಂಡ ಇಬ್ಬರೂ ಒಂದೇ ವಾರದಲ್ಲಿ ಹೋದಾಗ ಅವರ ಎರಡು ವರ್ಷದ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಒಂದು ಬಾಯಿ ಸಾಲದು ಅಂತ ಇನ್ನೊಂದು ತಂದ್ಲು," ಎಂದಿದ್ದ ಭೈರಪ್ಪ. ಆ ಕೂಸೇ ಕರಿಯಣ್ಣ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಕೋಳಿಗಳು ಮಾತ್ರ. ಮೊಟ್ಟೆಗಳನ್ನು ತೌಡಿನಲ್ಲಿ ಹುದುಗಿಸಿ, ಬುಟ್ಟಿಯನ್ನು ತಲೆಯ ಮೇಲಿಟ್ಟು ಶಿವಮೊಗ್ಗದ ದುರ್ಗಿಗುಡಿಯವರೆಗೆ ನಡೆದು ಮಾರಿ, ಅವನಿಗೆ ಸ್ಲೇಟು, ಅಂಗಿ, ಅಕ್ಷರ ಎಲ್ಲ ಕೊಡಿಸಿದಳು. ಕಾರ್ಖಾನೆಯ ಗೆಳೆಯ ಹಾಲಸ್ವಾಮಿ ಅವನನ್ನು "ಮೊಟ್ಟೆಯೊಡೆದು ಬಂದ ಗುಮಾಸ್ತ" ಎಂದು ಕರೆಯುತ್ತಿದ್ದ. ನಿಜವೇ ಆದ್ದರಿಂದ ಕರಿಯಣ್ಣನೂ ನಗುತ್ತಿದ್ದ.

"ಬಾ ಚಿಕ್ಕಮ್ಮ, ನಮ್ಮನೇಲಿ ರಾಣಿ ಹಾಗೆ ಇರು," ಅಂದ.

"ರಾಣಿ ಆದ್ರೆ ಕೈಗೆ ಕೆಲಸ ಇರಲ್ಲ ಮಗಾ, ನನಗೆ ಹೊತ್ತು ಹೋಗಲ್ಲ. ನನ್ನ ಎರಡು ಹ್ಯಾಟೆ ಕೋಳಿ ತರ್ತೀನಿ. ಅವು ನಿನ್ನ ಹೆಂಡ್ತಿ ಕೋಳಿ ಜತೆ ಹೊಂದಿಕೊಂಡ್ರೆ ನಾನೂ ಇರ್ತೀನಿ. ಬೇರೆಯವರ ಒಲೆ ಮುಂದೆ ಬರಿಗೈಲಿ ಕೂತು ಉಂಡಿದ್ದು ಸಾಕಾಗಿದೆ. ಮೊಟ್ಟೆ ಕೊಟ್ಟು ಉಣ್ತೀನಿ."

ಹಾಗೆ ಬಂದವು ಆ ಎರಡು ಕುಳ್ಳ ಹ್ಯಾಟೆಗಳು. ಪಾರಿವಾಳಕ್ಕಿಂತ ಒಂದು ಹಿಡಿ ದಪ್ಪ, ಅಷ್ಟೆ. ಕರಿಯಣ್ಣನ ಹೆಂಡತಿ ಪುಷ್ಪಮ್ಮನ ಕೋಳಿಗಳೋ, ಅವಳ ತವರಿನಿಂದ ಬಳುವಳಿಯಾಗಿ ಬಂದ ಎತ್ತರದ ಜಾತಿ. ಅವುಗಳ ಯಜಮಾನಿ ಒಂದು ಕಪ್ಪು ಕೊರಳಿನ ಹ್ಯಾಟೆ. ಸಾಲುಮನೆಯವರು ಅದನ್ನು ಗೌಡ್ತಿ ಎನ್ನುತ್ತಿದ್ದರು. ಅದು ಕಾಳು ಮುಟ್ಟುವ ತನಕ ಹುಂಜವೂ ಕಾಯುತ್ತಿತ್ತು.

ಹುಚ್ಚಮ್ಮ ತನ್ನ ಎರಡನ್ನೂ ಹಿತ್ತಲ ಮೂಲೆಯಲ್ಲಿ ಬಿದಿರಿನ ಕುಕ್ಕೆ ಮುಚ್ಚಿ ಇಟ್ಟಳು. "ಹತ್ತು ದಿವಸ ತೆಗೀಬೇಡಿ. ಅವು ಇವನ್ನ ನೋಡ್ಲಿ, ಇವು ಅವನ್ನ ನೋಡ್ಲಿ. ಆಮೇಲೆ ಸಂಜೆ ಕತ್ತಲಾದ ಮೇಲೆ ಗೂಡೊಳಗೆ ಬಿಟ್ರೆ ಬೆಳಗ್ಗೆ ಒಟ್ಟಿಗೆ ಎದ್ದು ಬರ್ತವೆ." ಗೌಡ್ತಿ ಎರಡು ದಿನ ಕುಕ್ಕೆಯ ಸುತ್ತ ಕಾಲು ಕೆರೆದು, ಮೂರನೆಯ ದಿನ ಬೇಸತ್ತು ಬಿಟ್ಟಿತು. ಐದನೆಯ ದಿನ ಹುಚ್ಚಮ್ಮ ಆಲ್ಕೊಳದಲ್ಲಿ ಉಳಿದಿದ್ದ ತನ್ನ ಸಾಮಾನು ತರಲು ಬೆಳಗಿನ ರೈಲು ಹತ್ತಿದಳು.

ಅಂದು ಕರಿಯಣ್ಣನಿಗೆ ರಜೆ. ಚಿಕ್ಕಮ್ಮ ಬರುವಷ್ಟರಲ್ಲಿ ಕೋಳಿಗಳನ್ನು ಒಂದು ಮಾಡಿ ತೋರಿಸಬೇಕು ಅಂತ ಅವನ ಬುದ್ಧಿ ಹೇಳಿತು.

"ನಮ್ಮ ಕಡೆ ಹೊಸ ಕೋಳಿ ತಂದ್ರೆ ಒಲೆಗೆ ಮೂರು ಸುತ್ತು ತರ್ತಾರೆ," ಅಂದಳು ಪುಷ್ಪಮ್ಮ. "ಆಮೇಲೆ ಮೂರು ದಿನ ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಗೀತಾರೆ. ಮತ್ತೆ ಮನೆ ಬಿಟ್ಟು ಹೋಗಲ್ಲ."

"ಹಾಗಾದ್ರೆ ಹಾಗೇ ಮಾಡೋಣ ಮಾರಾಯ್ತಿ."

"ಅತ್ತೆ ಬರೋ ತನಕ ಕಾಯಬಾರದಾ?"

"ಬಂದಾಗ ಖುಷಿಯಾಗ್ಲಿ."

ಒಲೆಗೆ ಸುತ್ತು ತಂದ. ಹಿತ್ತಲ ನಟ್ಟನಡುವೆ ಗೂಟ ಹೊಡೆದು, ಗೇಣುದ್ದ ದಾರದಲ್ಲಿ ಎರಡನ್ನೂ ಬಿಗಿದ. ಎಲ್ಲವೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ ಅಂತ ಗೂಟದ ಸುತ್ತಲೇ ರಾಗಿ ಚೆಲ್ಲಿದ. ಪುಷ್ಪಮ್ಮ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಅವನು ಜಗಲಿಯಲ್ಲಿ ಒರಗಿ, ಚಿಕ್ಕಮ್ಮನ ಮುಖ ಹೇಗೆ ಅರಳೀತು ಅಂತ ಯೋಚಿಸುತ್ತ ನಿದ್ದೆ ಹೋದ.

ಎಚ್ಚರವಾದಾಗ ಹಿತ್ತಲಲ್ಲಿ ಸದ್ದೇ ಇರಲಿಲ್ಲ. ಒಂದರ ತಲೆಯ ಮೇಲೆ ಚರ್ಮ ಉಳಿದಿರಲಿಲ್ಲ. ಸತ್ತು ಬಹಳ ಹೊತ್ತಾಗಿತ್ತು. ಇನ್ನೊಂದು ದಾರವನ್ನು ಗೂಟಕ್ಕೆ ಸುತ್ತಿ ಸುತ್ತಿ ಅಲ್ಲೇ ಸಿಕ್ಕಿಕೊಂಡು, ಒಂದು ಕಣ್ಣು ಹೋಗಿ, ಉಸಿರಾಡುತ್ತಿತ್ತು. ಗೌಡ್ತಿ ಮಾತ್ರವಲ್ಲ, ಐದರ ಕೊಕ್ಕೂ ಕೆಂಪಾಗಿತ್ತು. ರಾಗಿ ಹಾಗೇ ಬಿದ್ದಿತ್ತು.

ಸಂಜೆ ಹುಚ್ಚಮ್ಮ ಬಂದಳು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಚಾಪೆ, ಕೈಯಲ್ಲಿ ತಾಮ್ರದ ಚೊಂಬು. ಮೂವತ್ತು ವರ್ಷದಲ್ಲಿ ಕೂಡಿದ್ದೆಲ್ಲ ಅಷ್ಟೇ, ಅಷ್ಟನ್ನೂ ತಂದಿದ್ದಳು. ಇಳಿಸದೆ ಹಿತ್ತಲಿಗೆ ಹೋಗಿ ನೋಡಿದಳು.

"ಕಟ್ಟಿದ್ಯಾ?"

"ಓಡಿ ಹೋಗಬಾರದು ಅಂತ, ಚಿಕ್ಕಮ್ಮ."

"ಓಡಬೇಕಾಗಿತ್ತಲ್ಲೋ ಮಗಾ. ಅವಕ್ಕೆ ಇದ್ದದ್ದು ಅದೊಂದೇ."

ಬದುಕಿದ್ದದ್ದರ ಗಾಯಕ್ಕೆ ಅರಿಸಿನ, ಬೂದಿ ಒತ್ತಿದಳು. ಅದು ದೀಪ ಹಚ್ಚುವ ಹೊತ್ತಿಗೆ ಕತ್ತು ಚೆಲ್ಲಿತು. ಪುಷ್ಪಮ್ಮ ಬಾಗಿಲ ಹಿಂದೆ ಅಳುತ್ತ ನಿಂತಿದ್ದಳು. ಹುಚ್ಚಮ್ಮನೇ ಅವಳನ್ನು ಕರೆದು, "ಮಣ್ಣು ಮಾಡಬೇಡ ತಾಯಿ, ನೀರು ಕಾಯಿಸು," ಅಂದಳು. ತಾನೇ ಪುಕ್ಕ ಕಿತ್ತು, ತಾನೇ ಸಾರು ಮಾಡಿ, ಇಬ್ಬರಿಗೂ ಬಡಿಸಿ, ತಾನು ಬರೀ ಮುದ್ದೆ ಉಪ್ಪು ಉಂಡಳು. ಕರಿಯಣ್ಣ ಎರಡು ಸಲ ಹಾಕಿಸಿಕೊಂಡ. ಸಾರು ರುಚಿಯಾಗಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ಅವಳು ಗಂಟು ಎತ್ತಿಕೊಂಡಾಗ ಅವನು ಸ್ಟೇಷನ್ನಿನವರೆಗೂ ಹಿಂದೆ ಹೋದ. "ಇನ್ನೆರಡು ತಂದ್ಕೊಡ್ತೀನಿ ಚಿಕ್ಕಮ್ಮ. ನಾಲ್ಕು ಬೇಕಾದ್ರೂ ತರ್ತೀನಿ."

"ತಂದು?"

ಅವನು ಅವಳ ಗಂಟಿಗೆ ಕೈ ಹಾಕಿದ. ಅವಳು ಬಿಡಲಿಲ್ಲ.

"ಕೋಪ ಇಲ್ಲ ಕಣೋ. ಅವಳ ಮೇಲೂ ಇಲ್ಲ, ಪಾಪದ ಹುಡುಗಿ. ಐದೇ ದಿನದ ಮಾತು, ಕಾಯೋಕಾಗ್ಲಿಲ್ಲ ನಿನ್ನ ಕೈಲಿ. ನನಗೂ ಇನ್ನೊಂದು ಸಲ ಹೊಸಬಳಾಗೋಕೆ ಆಗಲ್ಲ. ಭೈರಪ್ಪನ ಮನೇಲಿ ಎಲ್ಲೆಲ್ಲಿ ಏಟು ಬೀಳುತ್ತೆ ಅಂತಾದ್ರೂ ಗೊತ್ತು."

ಹೆಂಗಸರ ಡಬ್ಬಿ ಹತ್ತಿ, ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಆಚೆ ಬದಿಯ ಕಿಟಕಿಗೆ ತಿರುಗಿ ಕೂತಳು. ಆಲ್ಕೊಳದಲ್ಲಿ ಅವಳು ಮತ್ತೆ ಕೋಳಿ ಸಾಕಲಿಲ್ಲ. ಕೈಯಲ್ಲಿ ಮೊಟ್ಟೆಯೂ ಇಲ್ಲದೆ ಆ ಒಲೆಯ ಮುಂದೆ ನಾಲ್ಕು ವರ್ಷ ಕೂತು, ಒಂದು ಮಾಘದಲ್ಲಿ ತೀರಿಕೊಂಡಳು.

ಅವಳು ರೈಲು ಹತ್ತಿದ ದಿನ ಮಧ್ಯಾಹ್ನ ಇದ್ದಿಲ ಗಾಡಿಗಳ ನಡುವೆ ಹಾಲಸ್ವಾಮಿ ಕೇಳಿದ, "ಚಿಕ್ಕಮ್ಮ ಬಂದ್ರೇನಯ್ಯಾ?"

"ಬಂದಿದ್ರು," ಅಂದ ಕರಿಯಣ್ಣ, ಮತ್ತೆ ಮುಂದಿನ ಗಾಡಿಯನ್ನು ತಕ್ಕಡಿಗೆ ಕರೆದ.